ಅಳಿಲು ಮರಿಗಳ ಕೋಸಂಬರಿ ಪುಸ್ತಕ: ಪದ್ಯ ಸೂಪರ್, ಚಿತ್ರಕ್ಕೆ ಮಾತ್ರ ಸ್ವಲ್ಪ ಬೇಜಾರು

ಮಗಳಿಗೆ ನಾಲ್ಕೂವರೆ ವರ್ಷ, ಪುಸ್ತಕದ ಅಂಗಡೀಲಿ ಅವಳೇ ಎತ್ಕೊಂಡಿದ್ದು ಇದು. ಅಕ್ಕ, ಅಣ್ಣ, ಪುಟ್ಟ ತಮ್ಮ ಅಂತ ಮೂರು ಅಳಿಲು ಮರಿ, ಅಮ್ಮ ಹೊರಗೆ ಹೋಗಿರ್ತಾಳೆ, ರಾಮನವಮಿ ದಿನ, ಅವಳು ಬರೋದ್ರೊಳಗೆ ಕೋಸಂಬರಿ ಮಾಡಿಡಬೇಕು ಅಂತ ಹೊರಡ್ತವೆ, ಅಷ್ಟೇ ಕಥೆ. ಮೂರೂ ಜಗಳ ಆಡ್ಕೊಂಡೇ ಮಾಡೋದು, ಸೌತೆಕಾಯಿ ಯಾರು ಹೆಚ್ಚಬೇಕು ಅಂತ ಎರಡು ಪೇಜ್ ಪೂರ್ತಿ ಗಲಾಟೆ, ನಮ್ಮನೆ ಥರಾನೇ.

ಪದ್ಯ ಬಾಯಲ್ಲಿ ಹೇಗೆ ಕೂರುತ್ತೆ ಅಂತ ಕೇಳಿ:

ಹೆಸರು ಬೇಳೆ ನೆನೆಯ ಹಾಕು
ಅರ್ಧ ಗಂಟೆ ಇಟ್ರೆ ಸಾಕು

ಮೂರು ಮೂರು ಮಾತ್ರೆ, ಚಪ್ಪಾಳೆ ತಟ್ಕೊಂಡು ಓದಬಹುದು. ಪಂಜೆ ಮಂಗೇಶರಾಯರು, ರಾಜರತ್ನಂ ಬರೆದಿದ್ದು ನಮಗೆ ಈಗಲೂ ಬಾಯಿಗೆ ಬರೋದು ಈ ತಾಳದಿಂದಾನೇ ಅಲ್ವಾ, ಈಗಿನ ಎಷ್ಟೋ ಮಕ್ಕಳ ಪುಸ್ತಕದಲ್ಲಿ ಸಾಲಿನ ಕೊನೇಲಿ ಪ್ರಾಸ ಸಿಕ್ಕಿದ್ರೆ ಮುಗೀತು, ನಡುವೆ ನಾಲಿಗೆ ಎಡವಿ ಬಿದ್ರೂ ಕೇಳೋರಿಲ್ಲ. ಇದರಲ್ಲಿ ಎಡವಿದ್ದು ಒಂದೇ ಕಡೆ, ಕೊತ್ತಂಬರಿ ಸೊಪ್ಪಿನ ಪೇಜಲ್ಲಿ. ಅಲ್ಲಿ ತಾಳ ತಪ್ಪಿ ಅಡುಗೆ ಶೋನಲ್ಲಿ ಹೇಳ್ಕೊಟ್ಟ ಹಾಗೆ ಆಗಿಬಿಟ್ಟಿದೆ, ನಾನು ದಿನಾ ರಾತ್ರಿ ಆ ಪೇಜನ್ನ ಎರಡೆರಡು ಸಲ ಓದಿ ಸರಿ ಮಾಡ್ಕೋತೀನಿ. ನಂಗೆ ತುಂಬಾ ಹಿಡಿಸಿದ್ದು ಇದು:

ಉಪ್ಪು ಮಾತ್ರ ಕೊನೆಗೆ ತಮ್ಮ
ನೀರು ಬಿಟ್ರೆ ಬೈವಳಮ್ಮ

ನಿಜ ತಾನೆ, ಸೌತೆಕಾಯಿಗೆ ಮೊದಲೇ ಉಪ್ಪು ಹಾಕಿದ್ರೆ ನೀರು ಬಿಟ್ಕೊಂಡು ಕೋಸಂಬರಿ ಪಾಯಸ ಆಗುತ್ತೆ. ಬರೆದೋರು ಅಡುಗೆ ಗೊತ್ತಿರೋರು ಅಂತ ನಂಗೆ ಅಲ್ಲೇ ಗ್ಯಾರಂಟಿ ಆಯ್ತು. ಭಾನುವಾರ ಅದರ ಪ್ರಕಾರಾನೇ ಮಾಡಿದ್ವಿ, ಬೇಳೆ ನೆನೆಸಿ ಬಸಿದು, ಸೌತೆಕಾಯಿ, ಕಾಯಿತುರಿ, ನಿಂಬೆಹಣ್ಣು, ಆಮೇಲೆ ಎಲೆಗೆ ಬಡಿಸೋ ಹೊತ್ತಿಗೆ ಉಪ್ಪು. ಅರ್ಧ ಗಂಟೆ ಅಂದಿದಾರೆ, ನಮ್ಮ ಬೇಳೆಗೆ ಮುಕ್ಕಾಲು ಗಂಟೆ ಬೇಕಾಯ್ತು, ಹಳೇ ಸ್ಟಾಕ್ ಇರಬೇಕು.

ಈಗ ಬೇಜಾರಿನ ವಿಷ್ಯ. ಕಥೆ ರಾಮನವಮಿದು, ಪಾತ್ರ ಅಳಿಲು, ಆದ್ರೆ ಬೆನ್ನ ಮೇಲೆ ಗೆರೆನೇ ಇಲ್ಲ ರೀ! ಕೆಂಚು ಬಣ್ಣ, ದಪ್ಪ ಪೊರಕೆ ಥರ ಬಾಲ, ಯಾವುದೋ ಫಾರಿನ್ ಅಳಿಲು ತಂದು ನಮ್ಮ ಮಾವಿನ ಮರಕ್ಕೆ ಹತ್ತಿಸಿದಾರೆ. ಉತ್ತರದ ಕಡೆ ಐದು ಗೆರೆ ಅಳಿಲೂ ಇದೆ ಸರಿ, ನಮ್ಮ ಕಾಂಪೌಂಡ್ ಮೇಲೆ ಓಡೋದಕ್ಕೆ ಮೂರು, ಸೇತುವೆ ಕಟ್ಟೋವಾಗ ರಾಮ ಬೆರಳಲ್ಲಿ ಸವರಿದ್ದು ಅಂತ ಅಜ್ಜಿ ಕಥೆ ಹೇಳಿರ್ತಾರಲ್ಲ, ಮಗಳು ಮೊದಲನೇ ಪೇಜಿಗೇ ಕೇಳಿದ್ಲು, ಅಮ್ಮಾ ಗೆರೆ ಎಲ್ಲಿ? ನನ್ನ ಹತ್ರ ಉತ್ತರ ಇರ್ಲಿಲ್ಲ. ಮಾರನೇ ದಿನ ಸ್ಕೆಚ್ ಪೆನ್ ತಗೊಂಡು ಎಲ್ಲಾ ಅಳಿಲಿಗೂ ಮೂರು ಮೂರು ಗೆರೆ ಎಳೆದಿಟ್ಟಿದಾಳೆ, ಒಂದಕ್ಕೆ ನಾಲ್ಕಾಗಿದೆ.

ಪಿನ್ ಹೊಡೆದಿರೋ ಬೈಂಡಿಂಗು, ಎರಡು ವಾರಕ್ಕೆ ನಡುವಿನ ಹಾಳೆ ಕೈಗೆ ಬಂತು. ಅಕ್ಷರ ಮಾತ್ರ ದೊಡ್ಡದಾಗಿದೆ, ಈಗಷ್ಟೇ ಕೂಡಿಸಿ ಓದೋ ಮಕ್ಕಳಿಗೆ ಒಳ್ಳೇದು. ಇನ್ನೊಂದು, ಮರಿಗಳು ಒಲೆ ಹತ್ರ ಹೋಗೋದೇ ಇಲ್ಲ, ಒಗ್ಗರಣೆ ಅಮ್ಮ ಬಂದಮೇಲೆ. ಸಾಸಿವೆ ಸಿಡಿಯೋ ಆ ಪೇಜ್ ಬಂದ್ರೆ ನಮ್ಮವಳು ಪುಸ್ತಕ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತ್ಕೋತಾಳೆ.