ಬಾವಲಿಗಳ ವಂಶವೃಕ್ಷಕ್ಕೆ ಮೆಗಾ, ಐಕ್ಯೂ-ಟ್ರೀ, ಮಿಸ್ಟರ್‌ಬೇಯ್ಸ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಡಿಎನ್ಎ ಹಿಡಿದು ಸಸ್ತನಿಗಳ ವಂಶವೃಕ್ಷ ಕಟ್ಟೋಣ ಅಂತ ಹೊರಟವರು ಮೊದಲು ಕೇಳುವುದು ಒಂದೇ ಮಾತು, ಯಾವ ಸಾಫ್ಟ್‌ವೇರ್ ಒಳ್ಳೆಯದು? ಇಲ್ಲಿ ಕೋಲಾರದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುವ ಮಕ್ಕಳು ನನ್ನನ್ನೂ ಇದನ್ನೇ ಕೇಳುತ್ತಿರುತ್ತಾರೆ. ಅದಕ್ಕೇ ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಡೇಟಾ ಕೊಟ್ಟು, ಮೂರನ್ನೂ ಓಡಿಸಿ ನೋಡಿದೆ. ನನ್ನ ಆಯ್ಕೆ ಐಕ್ಯೂ-ಟ್ರೀ. ಆದರೆ ಸಾಫ್ಟ್‌ವೇರ್‌ಗಿಂತ ಅದಕ್ಕೆ ಯಾವ ಜೀನ್ ಕೊಡುತ್ತೀರಿ ಅನ್ನುವುದೇ ಜಾಸ್ತಿ ಮುಖ್ಯ. ಅದನ್ನು ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ.

ಬಾವಲಿಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಜಿಲ್ಲೆ. ಹನುಮನಹಳ್ಳಿಯ ಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಇದೆ. ವೈಜ್ಞಾನಿಕ ಹೆಸರು ಹಿಪೊಸಿಡೆರಸ್ ಹೈಪೊಫಿಲಸ್, ವಿಜ್ಞಾನಕ್ಕೆ ಪರಿಚಯವಾದದ್ದು 1994ರಲ್ಲಿ. ಪ್ರಪಂಚದಲ್ಲಿ ಇದು ಉಳಿದಿರುವುದು ಗೊತ್ತಿರುವುದು ಆ ಒಂದೇ ಊರಲ್ಲಿ, ಅದೂ 200ಕ್ಕಿಂತ ಕಡಿಮೆ ಎಂದು ಅಂದಾಜು. ಅಳಿವಿನ ಅಂಚಿನ ಪಟ್ಟಿಯಲ್ಲಿ ಅತ್ಯಂತ ಗಂಭೀರ ವರ್ಗದಲ್ಲಿದೆ, ಸುತ್ತ ಕಲ್ಲು ಗಣಿಗಾರಿಕೆಯ ಕಾಟ ಬೇರೆ. ನಾನು ಗುಹೆಯ ತಂಟೆಗೆ ಹೋಗಲಿಲ್ಲ. ಎಲ್ಲರಿಗೂ ಪುಕ್ಕಟೆ ಸಿಗುವ ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಡಿಎನ್ಎ ಸಂಗ್ರಹದಿಂದ ಅದರ ದೊಡ್ಡ ದಾಯಾದಿ ಹಿಪೊಸಿಡೆರಸ್ ಆರ್ಮಿಗರ್, ಕುದುರೆಲಾಳ ಬಾವಲಿ, ಹಣ್ಣು ತಿನ್ನುವ ಬಾವಲಿಗಳು, ಮಯೋಟಿಸ್ ಜಾತಿಯ ಸಣ್ಣ ಬಾವಲಿಗಳು, ಜೊತೆಗೆ ಹಸು, ನಾಯಿ, ಕುದುರೆ, ಡಾಲ್ಫಿನ್, ಮನುಷ್ಯ, ಇಲಿ ಇಷ್ಟನ್ನು ಇಳಿಸಿಕೊಂಡೆ. ಮೊದಲು ಮೈಟೊಕಾಂಡ್ರಿಯಾದ ಸೈಟೊಕ್ರೋಮ್-ಬಿ ಜೀನ್, ಅಂದರೆ ಎ, ಟಿ, ಜಿ, ಸಿ ಎಂಬ ಡಿಎನ್ಎ ಅಕ್ಷರಗಳು 1,140. ಆಮೇಲೆ ಕೋಶಕೇಂದ್ರದ ಕೆಲವು ಜೀನ್‌ಗಳು.

ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೊಟ್ಟರೆ ತಾನೇ ಸಾಫ್ಟ್‌ವೇರ್ ಪರೀಕ್ಷೆ ಆಗುವುದು? ಬಾವಲಿಗಳಲ್ಲಿ ಅಂಥ ಒಂದು ಚಂದದ ಪ್ರಶ್ನೆ ಇದೆ. ದೊಡ್ಡ ಹಣ್ಣುಬಾವಲಿಗಳು ಒಂದು ಕಡೆ, ಶಬ್ದದ ಪ್ರತಿಧ್ವನಿ ಕೇಳಿ ಹಾರುವ ಸಣ್ಣ ಬಾವಲಿಗಳೆಲ್ಲ ಇನ್ನೊಂದು ಕಡೆ ಅಂತ ಹಿಂದೆ ಪುಸ್ತಕಗಳಲ್ಲಿ ಇರುತ್ತಿತ್ತು. 2005ರಲ್ಲಿ ಐರ್ಲೆಂಡಿನ ಎಮ್ಮಾ ಟೀಲಿಂಗ್ ಮತ್ತು ಸಂಗಡಿಗರು ಕೋಶಕೇಂದ್ರದ 17 ಜೀನ್‌ಗಳ ಭಾಗಗಳನ್ನು ಹೋಲಿಸಿ ಬೇರೆಯದೇ ಚಿತ್ರ ಗಟ್ಟಿ ಮಾಡಿದರು. ಎಲೆಮೂಗಿನ ಬಾವಲಿ, ಕುದುರೆಲಾಳ ಬಾವಲಿ ಇವು ಪ್ರತಿಧ್ವನಿ ಬಳಸಿದರೂ ರಕ್ತಸಂಬಂಧದಲ್ಲಿ ಹಣ್ಣುಬಾವಲಿಗಳಿಗೇ ಹತ್ತಿರ, ಮಯೋಟಿಸ್‌ಗೆ ಅಲ್ಲ. ಹಾಗಾದರೆ ನಮ್ಮ ಹನುಮನಹಳ್ಳಿಯ ಪುಟ್ಟ ಬಾವಲಿಗೆ ಮಯೋಟಿಸ್‌ಗಿಂತ ಆಲದ ಮರದಲ್ಲಿ ಜೋತುಬಿದ್ದ ಆ ದೊಡ್ಡ ಬಾವಲಿಯೇ ಹತ್ತಿರದ ನೆಂಟ! ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಬೆರಗಾಗುತ್ತಾರೆ, ನನಗೂ ಇನ್ನೂ ಬೆರಗೇ.

ಮೆಗಾ ಸುಲಭ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿ ಕ್ಲಿಕ್ ಮಾಡುತ್ತಾ ಹೋದರೆ ಆಯಿತು. ಎಲ್ಲ ಪ್ರಾಣಿಗಳ ಜೀನ್ ಸಾಲುಗಳನ್ನು ಒಂದರ ಕೆಳಗೊಂದು ಹೊಂದಿಸಿ ತೋರಿಸುವ ಅಲೈನ್‌ಮೆಂಟ್ ಕಿಟಕಿಯಲ್ಲಿ ಎ, ಟಿ, ಜಿ, ಸಿ ಒಂದೊಂದೂ ಒಂದೊಂದು ಬಣ್ಣದಲ್ಲಿ ಕಾಣುತ್ತದೆ, ಎಲ್ಲಿ ಅಕ್ಷರ ಬಿಟ್ಟುಹೋಗಿದೆ, ಎಲ್ಲಿ ಸಾಲು ಸರಿದಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಈ ಒಂದು ಕೆಲಸಕ್ಕೆ ಇವತ್ತಿಗೂ ನಾನು ಮೆಗಾನೇ ತೆರೆಯುವುದು. ಅದರಲ್ಲಿ ಎಲ್ಲರೂ ಒತ್ತುವ ಬಟನ್ ನೈಬರ್-ಜಾಯ್ನಿಂಗ್, 1987ರಲ್ಲಿ ಸೈತೌ ಮತ್ತು ನೇಯಿ ಕೊಟ್ಟ ವಿಧಾನ. ಕಣ್ಣು ಮಿಟುಕಿಸುವಷ್ಟರಲ್ಲಿ ಮರ ಬರುತ್ತದೆ. ಯಾಕೆ ಅಷ್ಟು ಬೇಗ ಅಂದರೆ, ಎರಡೆರಡು ಪ್ರಾಣಿಗಳ ನಡುವೆ ಎಷ್ಟು ವ್ಯತ್ಯಾಸ ಅನ್ನುವ ಒಂದೇ ಸಂಖ್ಯೆಗೆ ಇಡೀ ಜೀನನ್ನು ಇಳಿಸಿಬಿಡುತ್ತದೆ, ಯಾವ ಅಕ್ಷರ ಎಲ್ಲಿ ಬದಲಾಯಿತು ಅನ್ನುವ ವಿವರ ಅಲ್ಲಿಗೇ ಕಳೆದುಹೋಗುತ್ತದೆ. ಸೈಟೊಕ್ರೋಮ್-ಬಿ ಕೊಟ್ಟಾಗ ಹತ್ತಿರದ ನೆಂಟರನ್ನು ಸರಿಯಾಗಿ ಜೋಡಿಸಿತು, ಹಳೆಯ ದೊಡ್ಡ ಕವಲುಗಳಲ್ಲಿ ಮಾತ್ರ ಸೋತಿತು. ಮೆಗಾದಲ್ಲಿ ಮ್ಯಾಕ್ಸಿಮಮ್ ಲೈಕ್ಲಿಹುಡ್ ಕೂಡ ಇದೆ, ಅಂದರೆ ನಮ್ಮ ಕೈಯಲ್ಲಿರುವ ಡಿಎನ್ಎ ಸಾಲುಗಳು ಬರುವ ಸಾಧ್ಯತೆ ಯಾವ ಮರದಲ್ಲಿ ಅತಿ ಹೆಚ್ಚೋ ಅದನ್ನು ಆರಿಸುವ ವಿಧಾನ. ಆದರೆ ಆ ವಿಧಾನಕ್ಕೆ ಐಕ್ಯೂ-ಟ್ರೀಯೇ ವಾಸಿ.

ಐಕ್ಯೂ-ಟ್ರೀ ಕಪ್ಪು ಪರದೆಯ ಮೇಲೆ ಟೈಪ್ ಮಾಡಿ ಓಡಿಸುವಂಥದ್ದು. ಅದೊಂದಕ್ಕೇ ಮಕ್ಕಳು ಹೆದರುತ್ತಾರೆ. ಹೆದರಬೇಕಾಗಿಲ್ಲ, ಒಂದು ಸಾಲು ಬರೆದರೆ ಸಾಕು. ಡಿಎನ್ಎ ಅಕ್ಷರಗಳು ಬದಲಾಗುವ ರೀತಿಗೆ ಹತ್ತಾರು ಗಣಿತ ಮಾದರಿಗಳಿವೆಯಲ್ಲ, ನಮ್ಮ ಡೇಟಾಗೆ ಯಾವುದು ಹೊಂದುತ್ತದೆ ಅಂತ ಅದರೊಳಗಿನ ಮಾಡೆಲ್‌ಫೈಂಡರ್ ತಾನೇ ಹುಡುಕಿ, ಅದೇ ಮಾದರಿಯಲ್ಲಿ ಮರವನ್ನೂ ಕಟ್ಟಿ ಕೊಡುತ್ತದೆ. ಕೋಶಕೇಂದ್ರದ ಜೀನ್‌ಗಳನ್ನು ಸೇರಿಸಿ, ಒಂದೊಂದು ಜೀನ್‌ಗೂ ಬೇರೆ ಮಾದರಿ ಇರಲಿ ಅಂತ ಹೇಳಿ ಓಡಿಸಿದಾಗ ಎಲೆಮೂಗು, ಕುದುರೆಲಾಳ, ಹಣ್ಣುಬಾವಲಿ ಮೂರೂ ಒಂದೇ ಕೊಂಬೆಗೆ ಬಂದು ಕೂತವು. ಇಷ್ಟಕ್ಕೆ ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಅಲ್ವಾ? ನಡುವೆ ಲ್ಯಾಪ್‌ಟಾಪ್ ಆಫ್ ಆದರೂ ಅದೇ ಸಾಲನ್ನು ಮತ್ತೆ ಕೊಟ್ಟರೆ ನಿಂತ ಕಡೆಯಿಂದ ಮುಂದುವರಿಯುತ್ತದೆ. ಇಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಮಿಸ್ಟರ್‌ಬೇಯ್ಸ್ ಬೇರೆಯೇ ಜಾತಿ. ಒಂದೇ ಅತ್ಯುತ್ತಮ ಮರವನ್ನು ಹುಡುಕುವುದಿಲ್ಲ, ಸಾಧ್ಯವಿರುವ ಮರಗಳ ನಡುವೆ ಲಕ್ಷಾಂತರ ಹೆಜ್ಜೆ ಅಲೆದಾಡಿ ಯಾವ ಕವಲು ಎಷ್ಟು ಸಲ ಸಿಕ್ಕಿತು ಅಂತ ಲೆಕ್ಕ ಕೊಡುತ್ತದೆ. ಬೇರೆಬೇರೆ ಕಡೆಯಿಂದ ಹೊರಟ ಎರಡು ಓಟಗಳು ಒಂದೇ ಉತ್ತರಕ್ಕೆ ಬರುತ್ತಿವೆಯೇ ಅಂತ ತೋರಿಸುವ ಒಂದು ಸಂಖ್ಯೆ ಪರದೆಯ ಮೇಲೆ ಬರುತ್ತಿರುತ್ತದೆ, ಅದು 0.01ಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯಬೇಕು. ರಾತ್ರಿಯಿಡೀ ಓಡಬೇಕಾಯಿತು, ಫ್ಯಾನ್ ಸದ್ದಿಗೆ ಮನೆಯವರು ಎದ್ದು ಬಂದು ಕೇಳಿದರು. ಬಂದ ಮರ ಐಕ್ಯೂ-ಟ್ರೀ ಕೊಟ್ಟದ್ದೇ, ಒಂದು ಕಡೆ ಬಿಟ್ಟು. ಬಾವಲಿಗಳೆಲ್ಲ ಸೇರಿದ ಗುಂಪಿಗೆ ಹಸು, ಕುದುರೆ, ನಾಯಿ ಇವುಗಳಲ್ಲಿ ಯಾರು ಎಷ್ಟು ಹತ್ತಿರ ಅನ್ನುವಲ್ಲಿ ಎರಡೂ ಬೇರೆಬೇರೆ ಹೇಳಿದವು. ಇದರಲ್ಲಿ ಸಾಫ್ಟ್‌ವೇರ್ ತಪ್ಪಿಲ್ಲ. ಆ ಕವಲುಗಳು ಬಹಳ ಕಡಿಮೆ ಅವಧಿಯಲ್ಲಿ ಒಡೆದವು, ಇಡೀ ಜೀನೋಮ್ ಇಟ್ಟುಕೊಂಡವರೂ ಅಲ್ಲಿ ಜಗಳ ಆಡಿದ್ದಾರೆ.

ಒಂದು ಎಚ್ಚರ. ಕವಲನ್ನು ಎಷ್ಟು ನಂಬಬಹುದು ಅಂತ ಮೂರು ಸಾಫ್ಟ್‌ವೇರ್‌ಗಳೂ ಅದರ ಮೇಲೆ ಒಂದೊಂದು ಅಂಕಿ ಹಾಕುತ್ತವೆ, ಅವುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಬೂಟ್‌ಸ್ಟ್ರಾಪ್ ಅಂದರೆ ಡೇಟಾದಿಂದ ಮತ್ತೆ ಮತ್ತೆ ಮಾದರಿ ಎತ್ತಿ ಮರ ಕಟ್ಟಿದಾಗ ಆ ಕವಲು ನೂರಕ್ಕೆ ಎಷ್ಟು ಸಲ ಬಂತು ಅನ್ನುವ ಲೆಕ್ಕ. ಮೆಗಾದ ಮಾಮೂಲಿ ಬೂಟ್‌ಸ್ಟ್ರಾಪ್‌ನಲ್ಲಿ 70 ಬಂದರೆ ಪರವಾಗಿಲ್ಲ ಅನ್ನುತ್ತಾರೆ. ಐಕ್ಯೂ-ಟ್ರೀಯ ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್‌ನಲ್ಲಿ 95 ಬಂದರೆ ಮಾತ್ರ ನಂಬಿ. ಮಿಸ್ಟರ್‌ಬೇಯ್ಸ್‌ನದು ಸಂಭವನೀಯತೆ, ಅಲ್ಲಿ 0.95ಕ್ಕೆ ಮೇಲೆ ನೋಡಬೇಕು.

ಈಗ ಜೀನ್ ವಿಷಯ. ಪ್ರೆಸ್ಟಿನ್ ಅಂತ ಒಂದು ಪ್ರೋಟೀನ್ ಇದೆ, 2000ದಲ್ಲಿ ಪತ್ತೆಯಾಯಿತು. ಒಳಕಿವಿಯ ಹೊರ ರೋಮಕೋಶಗಳ ಪೊರೆಯಲ್ಲಿ ಇರುತ್ತದೆ, ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಆ ಕೋಶವನ್ನೇ ಕುಗ್ಗಿಸಿ ಹಿಗ್ಗಿಸಿ ಸದ್ದನ್ನು ಹೆಚ್ಚಿಸುತ್ತದೆ. ಪ್ರತಿಧ್ವನಿ ಕೇಳಬೇಕಾದ ಪ್ರಾಣಿಗೆ ಇದರ ಬೆಲೆ ಎಷ್ಟು ಅಂತ ಊಹಿಸಿಕೊಳ್ಳಿ. ಇದರ ಅಮೈನೊ ಆಮ್ಲಗಳ ಸಾಲನ್ನು ಮೂರೂ ಸಾಫ್ಟ್‌ವೇರ್‌ಗೆ ಕೊಟ್ಟೆ. ಮೂರೂ ಒಂದೇ ಬಾಯಲ್ಲಿ ತಪ್ಪು ಮರ ಕೊಟ್ಟವು! ಎಲೆಮೂಗು, ಕುದುರೆಲಾಳ ಎರಡೂ ಹಣ್ಣುಬಾವಲಿಯನ್ನು ಬಿಟ್ಟು ಮಯೋಟಿಸ್ ಜೊತೆ ಹೋದವು. ಡಾಲ್ಫಿನ್ ಹಸುವಿನ ಪಕ್ಕ ಇರಬೇಕಾದದ್ದು ಬಾವಲಿಗಳ ಕಡೆ ಬಂದು ಕೂತಿತ್ತು. ಅದೂ ಅನುಮಾನದ ಅಂಕಿಯಲ್ಲಿ ಅಲ್ಲ, ಒಳ್ಳೆ ಗಟ್ಟಿ ಅಂಕಿಯಲ್ಲಿ. ಇದು ನನ್ನ ಲ್ಯಾಪ್‌ಟಾಪಿನ ಎಡವಟ್ಟಲ್ಲ, 2010ರಲ್ಲಿ ಎರಡು ತಂಡಗಳು ಡಾಲ್ಫಿನ್ ಬಗ್ಗೆ ಇದನ್ನೇ ಪ್ರಕಟಿಸಿದ್ದವು. ಎತ್ತರದ ಸ್ಥಾಯಿಯ ಸದ್ದು ಕೇಳಬೇಕಾದ ಅಗತ್ಯ ಬೇರೆಬೇರೆ ವಂಶಗಳಲ್ಲಿ ಅದೇ ಜಾಗದ ಅಮೈನೊ ಆಮ್ಲಗಳನ್ನು ಅದೇ ರೀತಿ ಬದಲಾಯಿಸಿದೆ. ಸಾಫ್ಟ್‌ವೇರ್ ಆ ಹೋಲಿಕೆಯನ್ನು ನೆಂಟಸ್ತನ ಅಂದುಕೊಂಡಿತು. ಯಾವುದನ್ನು ಆರಿಸಿದ್ದರೂ ಇಲ್ಲಿ ಪಾರಾಗುತ್ತಿರಲಿಲ್ಲ.

ಅದಕ್ಕೇ ಈಗಿನ ಸಂಶೋಧಕರು ಒಂದೆರಡು ಜೀನ್ ನೆಚ್ಚಿಕೊಂಡು ಕೂರುವುದಿಲ್ಲ. 2023ರಲ್ಲಿ ಬಂದ ಝೂನೋಮಿಯಾ ಎಂಬ ಅಂತರರಾಷ್ಟ್ರೀಯ ಯೋಜನೆಯ ಕೆಲಸದಲ್ಲಿ 240 ಸಸ್ತನಿಗಳ ಜೀನೋಮ್‌ಗಳನ್ನು ಒಟ್ಟಿಗೆ ಹೋಲಿಸಿದ್ದಾರೆ, ಪ್ರೋಟೀನ್ ಕೆಲಸವೇ ಇಲ್ಲದ ಡಿಎನ್ಎ ಭಾಗಗಳಿಂದಲೂ ಮರ ಕಟ್ಟಿದ್ದಾರೆ. ಎಷ್ಟೋ ಜಾಗಗಳಿಂದ ಮಾಹಿತಿ ಬಂದಾಗ ಪ್ರೆಸ್ಟಿನ್ ಥರದ ಒಂದು ಜೀನ್ ಇಡೀ ಮರವನ್ನು ಎಳೆದುಕೊಂಡು ಹೋಗಲಾರದು.

ನಮ್ಮ ಲ್ಯಾಬ್‌ಗಳಲ್ಲಿ ಅಷ್ಟು ಆಗದಿರಬಹುದು. ಆದರೂ ಪ್ರಾಜೆಕ್ಟ್ ಮಾಡುವವರಿಗೆ ನಾನು ಹೇಳುವುದು ಇಷ್ಟು: ಮೆಗಾದಲ್ಲಿ ಸಾಲುಗಳನ್ನು ಕಣ್ಣಾರೆ ನೋಡಿ ಸರಿಮಾಡಿಕೊಳ್ಳಿ, ಮರವನ್ನು ಐಕ್ಯೂ-ಟ್ರೀಯಲ್ಲಿ ಕಟ್ಟಿ, ಒಂದು ರಾತ್ರಿ ಬಿಡುವಿದ್ದರೆ ಮಿಸ್ಟರ್‌ಬೇಯ್ಸ್ ಹಚ್ಚಿ ತಾಳೆ ನೋಡಿ. ಕಿವಿ, ಕಣ್ಣು, ಜೀರ್ಣಕ್ರಿಯೆ ಇಂಥ ನೇರ ಕೆಲಸದ ಜೀನ್ ಒಂದನ್ನೇ ಇಟ್ಟುಕೊಂಡು ನೆಂಟಸ್ತನ ಹೇಳಬೇಡಿ, ಅದರ ಮರವನ್ನು ಬೇರೆ ಜೀನ್‌ಗಳ ಮರದ ಪಕ್ಕ ಇಟ್ಟು ಎಲ್ಲಿ ಒಡಕು ಬರುತ್ತದೆ ನೋಡಿ. ಮುಂದೆ ಹನುಮನಹಳ್ಳಿಯ ಬಾವಲಿಯ ಡಿಎನ್ಎ ಮೇಲೆ ಯಾರೇ ಕೆಲಸ ಮಾಡಲಿ, ಸೈಟೊಕ್ರೋಮ್-ಬಿಗೆ ನಿಲ್ಲಿಸದೆ ಕೋಶಕೇಂದ್ರದ ಜೀನ್‌ಗಳನ್ನೂ ಓದಿಸಬೇಕು. ರೆಕ್ಕೆಯ ಚರ್ಮದಿಂದ ತೆಗೆಯುವ ಚುಕ್ಕಿಯಷ್ಟು ತುಂಡೇ ಎರಡಕ್ಕೂ ಸಾಕು, ಅಷ್ಟು ಕಡಿಮೆ ಉಳಿದಿರುವ ಪ್ರಾಣಿಯನ್ನು ಎರಡೆರಡು ಸಲ ಹಿಡಿಯುವಂತೆ ಆಗಬಾರದು.