ಮೇಲಿನವರು ಬದಲಾಗುತ್ತಿರುವ ಕಂಪನಿಯಲ್ಲಿ ಬಾಯಿಮಾತನ್ನು ನಂಬಬೇಡಿ

ಮಂಗಳೂರಿನಲ್ಲಿ ಕಚೇರಿಯಿರುವ ಒಂದು ದೊಡ್ಡ ತಂತ್ರಜ್ಞಾನ ಕಂಪನಿಯಲ್ಲಿ ನನಗಾದ ಅನ್ಯಾಯವನ್ನು, ಇನ್ನೊಬ್ಬರಿಗೂ ಹೀಗಾಗಬಾರದೆಂದು ಬರೆಯುತ್ತಿದ್ದೇನೆ. ಮುಖ್ಯಸ್ಥರು ಹಠಾತ್ತನೆ ನಿರ್ಗಮಿಸಿ ಹಂಗಾಮಿಯೊಬ್ಬರು ಬಂದ ಮೇಲೆ ಕಚೇರಿಯ ಉತ್ಸಾಹವೇ ಕುಗ್ಗಿಹೋಗಿತ್ತು. ಹೊಸ ಪ್ರಾಜೆಕ್ಟ್‌ಗಳಿಗೆ ಒಪ್ಪಿಗೆ ಸಿಗುತ್ತಿರಲಿಲ್ಲ, ಬಡ್ತಿಯ ಮಾತೆತ್ತಿದರೆ ಮುಂದಿನ ತ್ರೈಮಾಸಿಕಕ್ಕೆ ನೋಡೋಣ ಎನ್ನುತ್ತಿದ್ದರು.

ಆಗಲೇ ಮಣಿಪಾಲದ ಸಣ್ಣ ಸಂಸ್ಥೆಯೊಂದರಿಂದ ನನಗೆ ಆಫರ್ ಬಂದಿತ್ತು. ವಿಷಯ ತಿಳಿದ ಮ್ಯಾನೇಜರ್ ಪ್ರತ್ಯೇಕವಾಗಿ ಕರೆದು, "ಮಂಗಳೂರಿನ ತಂಡವನ್ನು ಯಾರೂ ಮುಟ್ಟುವುದಿಲ್ಲ, ಇದು ಮೇಲಿನಿಂದಲೇ ಬಂದ ಮಾತು" ಎಂದರು. ಅದನ್ನೇ ಇಮೇಲ್‌ನಲ್ಲಿ ಬರೆದು ಕೊಡಿ ಎಂದಾಗ, "ನಮ್ಮ ನಡುವೆ ಅಷ್ಟೂ ನಂಬಿಕೆ ಇಲ್ಲವೇ?" ಎಂದು ಕೇಳಿದರು. ಆ ಮಾತಿಗೆ ಕಟ್ಟುಬಿದ್ದು ಆಫರ್ ಬಿಟ್ಟುಕೊಟ್ಟೆ.

ಹೊಸ ಮುಖ್ಯಸ್ಥರ ಹೆಸರು ಪ್ರಕಟವಾದ ವಾರವೇ ಎಚ್‌ಆರ್ ವಿಭಾಗದವರು ವಿಡಿಯೊ ಕರೆಗೆ ಬರಹೇಳಿದರು. ನನ್ನ ಹೆಸರಿನ ರಾಜೀನಾಮೆ ಪತ್ರ ಪರದೆಯ ಮೇಲೆ ಮೊದಲೇ ಸಿದ್ಧವಾಗಿತ್ತು, "ವೈಯಕ್ತಿಕ ಕಾರಣಗಳಿಂದ" ಎಂಬ ಸಾಲಿನ ಸಮೇತ. ಯಾರ ವೈಯಕ್ತಿಕ ಕಾರಣ? ಯಾವ ಕಾರಣ? ಕೇಳಿದ್ದಕ್ಕೆ, "ನಿಮ್ಮ ಭವಿಷ್ಯಕ್ಕೆ ಇದೇ ಒಳ್ಳೆಯದು" ಎಂಬ ಉತ್ತರ ಬಂತು. ಮ್ಯಾನೇಜರ್ ಕೊಟ್ಟ ಭರವಸೆಯನ್ನು ನೆನಪಿಸಿದಾಗ, "ಅದು ಹಿಂದಿನ ನಾಯಕತ್ವದ ನಿಲುವು" ಎಂದರು. ಹಿಂದಿನ ನಾಯಕತ್ವದ ನಿಲುವು! ಅದೇ ಕರೆಯಲ್ಲಿ ಕುಳಿತಿದ್ದ ಆ ಮ್ಯಾನೇಜರ್ ಒಂದಕ್ಷರವನ್ನೂ ಆಡಲಿಲ್ಲ. ಸಂಜೆಯೊಳಗೆ ಸಹಿ ಬಾರದಿದ್ದರೆ ಅನುಭವ ಪತ್ರ ಸಿಗುವುದಿಲ್ಲ ಎಂದು ಹೆದರಿಸಿ ಸಹಿ ಹಾಕಿಸಿಕೊಂಡರು.

ಕುರ್ಚಿ ಅಲ್ಲಾಡುವಾಗ ಮೊದಲು ಬೀಳುವವರು ಕೆಳಗಿನವರೇ. ಅಮೆರಿಕದ ಇಂಟರ್ನೆಟ್ ಕಂಪನಿ ಯಾಹೂವಿನಲ್ಲಿ 2012ರ ಜನವರಿಯಲ್ಲಿ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡ ಸ್ಕಾಟ್ ಥಾಂಪ್ಸನ್ ಏಪ್ರಿಲ್‌ನಲ್ಲಿ ಸುಮಾರು 2,000 ಉದ್ಯೋಗಿಗಳ ಕಡಿತವನ್ನು ಪ್ರಕಟಿಸಿ, ಮೇ ತಿಂಗಳಲ್ಲಿ ತಾವೇ ಹೊರನಡೆದರು; ಜುಲೈನಲ್ಲಿ ಹೊಸ ಮುಖ್ಯಸ್ಥರಾಗಿ ಮರಿಸ್ಸಾ ಮೇಯರ್ ಬಂದರು. ಕಡಿತಗೊಂಡವರು ಯಾರ ಬಳಿ ಉತ್ತರ ಕೇಳಬೇಕಿತ್ತು?

ಬಲವಂತವಾಗಿ ರಾಜೀನಾಮೆ ಪಡೆಯುವುದರಲ್ಲಿ ಕಂಪನಿಗಳಿಗೆ ಲಾಭವಿದೆ. ಒಂದು ವರ್ಷದ ನಿರಂತರ ಸೇವೆ ಪೂರೈಸಿ, ಕಾನೂನಿನ ವ್ಯಾಖ್ಯೆಯಲ್ಲಿ ಕಾರ್ಮಿಕರೆನಿಸಿದವರನ್ನು ಕಡಿತಗೊಳಿಸಿದರೆ, ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ಕೊಡಬೇಕಾಗುತ್ತದೆ. ಸ್ವಇಚ್ಛೆಯ ರಾಜೀನಾಮೆಗೆ ಆ ಪರಿಹಾರವಿಲ್ಲ. ಆದ್ದರಿಂದ ಕರೆಯಲ್ಲೇ ಸಹಿ ಹಾಕಬೇಡಿ, ಕಾಲಾವಕಾಶ ಕೇಳಿ, ವಕೀಲರಿಗೆ ತೋರಿಸಿ, ಕಂಪನಿಯವರು ಆಡಿದ್ದನ್ನೆಲ್ಲ ಅಂದೇ ಇಮೇಲ್ ಬರೆದು ದಾಖಲಿಸಿ. ಇದೇ ಕಂಪನಿ ಈಗ ನನ್ನ ಹುದ್ದೆಗೆ ಗುತ್ತಿಗೆಯ ಮೇಲೆ ಜನರನ್ನು ಹುಡುಕುತ್ತಿದೆ. ಸಂದರ್ಶನಕ್ಕೆ ಹೋಗುವವರು, ಆ ಜಾಗದಲ್ಲಿದ್ದವರು ಏಕೆ ಹೋದರೆಂದು ದಯವಿಟ್ಟು ಕೇಳಿ.