ಮೂರು ಬೇಸಿಗೆ ಕಂಡ ನಮ್ಮ ಮನೆಯ ಆರ್‌ಸಿಸಿಬಿ

ನಮ್ಮದು ಕಲಬುರಗಿ. ಏಪ್ರಿಲ್ ಬಂತೆಂದರೆ ಕಬ್ಬಿಣದ ಕೂಲರ್ ಇಲ್ಲದೆ ರಾತ್ರಿ ಕಳೆಯುವುದಿಲ್ಲ. ಮೂರು ವರ್ಷದ ಹಿಂದೆ ಅವ್ವ ಬರಿಗಾಲಲ್ಲಿ ನಿಂತು, ಓಡುತ್ತಿದ್ದ ಕೂಲರ್‌ಗೆ ನೀರು ಹಾಕುತ್ತಿದ್ದಳು. ಕೆಳಗೆ ಶಹಾಬಾದ್ ಕಲ್ಲಿನ ನೆಲ, ಅದೂ ಒದ್ದೆ. ಕೈ ಜುಂ ಅಂದಿತು, ಕೊಡ ಬಿಟ್ಟು ಹಿಂದೆ ಬಿದ್ದಳು. ಪುಣ್ಯಕ್ಕೆ ಬದುಕಿದಳು.

ಬೋರ್ಡಿನಲ್ಲಿ ಎಂಸಿಬಿ ಇತ್ತು, ಆದರೆ ಅದು ಬೀಳಲೇ ಇಲ್ಲ. ಅದು 16 ಆಂಪಿಯರ್‌ದು, ಅದಕ್ಕಿಂತ ಹೆಚ್ಚು ಕರೆಂಟ್ ಹರಿದರೆ ಮಾತ್ರ ಬೀಳುತ್ತದೆ. ವೈರ್ ಸುಡದ ಹಾಗೆ ಕಾಯುವುದಷ್ಟೇ ಅದರ ಕೆಲಸ. ಜೀವ ಹೋಗಲು ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲು ಸಾಕು ಅಂತ ನನಗೆ ಆಗಲೇ ಗೊತ್ತಾಗಿದ್ದು. ಅದೇ ವಾರ 2,200 ರೂಪಾಯಿ ಕೊಟ್ಟು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಅಷ್ಟು ಸಣ್ಣ ಕರೆಂಟ್ ಸೋರಿದರೂ ಲೈನ್ ಕಡಿಯುವ ಸ್ವಿಚ್ಚಿನ ಡಬ್ಬಿ, ತಂದೆ. ಎಲೆಕ್ಟ್ರಿಷಿಯನ್ ಅದನ್ನು ಕೂರಿಸಿ, ಕೂಲರ್‌ನ ಎರಡು ಪಿನ್ನಿನ ಪ್ಲಗ್ ಕಿತ್ತು ಮೂರು ಪಿನ್ನಿನದು ಹಾಕಿ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರ್, ಕೊಟ್ಟರು.

ಮರುದಿನ ಕೂಲರ್ ಹಾಕಿದೆ. ಟಕ್! ಮನೆಯೆಲ್ಲ ಕತ್ತಲು. ಮತ್ತೆ ಹಾಕಿದೆ, ಮತ್ತೆ ಟಕ್. ಎರಡು ರಾತ್ರಿ ಸೆಕೆಯಲ್ಲಿ ಬೆಂದೆವು. ದುಡ್ಡು ದಂಡವಾಯಿತು ಅಂತ ಎಷ್ಟು ಸಿಟ್ಟು ಬಂದಿತ್ತೆಂದರೆ, ಆಗ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ. ನೋಡಲು ಬಂದ ಇನ್ನೊಬ್ಬ ಹುಡುಗ "ಅಣ್ಣಾ, ಬಿಸಲು ಭಾಳ ಅದ, ಇದನ್ನ ತೆಗದು ಡೈರೆಕ್ಟ್ ಮಾಡಿಬಿಡ್ಲೇನ್ರಿ?" ಅಂದ. ಅವ್ವನೇ ಬೇಡ ಅಂದಳು. "ಅದು ಸುಮ್ನೆ ಬೀಳ್ತದೇನು? ಏನರೆ ಇದ್ದೇ ಇರ್ತದ, ಹುಡುಕ್ರಿ."

ಹುಡುಕಿದೆವು. ನೀರಿಲ್ಲದೆ ಬರೀ ಫ್ಯಾನ್ ಓಡಿಸಿದರೆ ಬೀಳುತ್ತಿರಲಿಲ್ಲ. ಪಂಪ್ ಹಾಕಿದ ಕೂಡಲೇ ಬೀಳುತ್ತಿತ್ತು. ಪಂಪಿನ ವೈರಿಗೆ ಸುತ್ತಿದ್ದ ಟೇಪ್ ಬಿಚ್ಚಿ, ಜಾಯಿಂಟ್ ನೀರಲ್ಲಿ ಮುಳುಗಿತ್ತು. ಅವ್ವನಿಗೆ ಹೊಡೆದದ್ದು ಅದೇ ಕರೆಂಟ್! ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಈ ಡಬ್ಬಿ ತಾಳೆ ನೋಡುತ್ತಲೇ ಇರುತ್ತದೆ. ವ್ಯತ್ಯಾಸ ಬಂದರೆ ಕ್ಷಣದಲ್ಲಿ ಲೈನ್ ಕಡಿಯುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಅದಕ್ಕೆ ಸೋರಿಕೆ ತಿಳಿಯುವುದೇ ಇಲ್ಲ. ಅರ್ಥಿಂಗ್ ಇದ್ದರೆ ಮುಟ್ಟುವ ಮೊದಲೇ ಬೀಳುತ್ತದೆ. ಹೊಸ ಪಂಪಿಗೆ ಬರೀ 350 ರೂಪಾಯಿ. ಆಮೇಲೆ ಒಮ್ಮೆಯೂ ಕೂಲರ್‌ನಿಂದ ಬಿದ್ದಿಲ್ಲ.

ಈಗ ಪ್ರತಿ ಅಮವಾಸ್ಯೆಗೆ ಪೂಜೆ ಮುಗಿಸಿ ಅವ್ವ ಬೋರ್ಡಿನ ಹತ್ತಿರ ಹೋಗುತ್ತಾಳೆ. ಕೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು, 'ಟಿ' ಅಂತ ಬರೆದ ಬಟನ್ ಒತ್ತುತ್ತಾಳೆ. ಟಕ್ ಅಂದರೆ ಅವಳ ಮುಖ ಅರಳುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ ಅಲ್ವಾ, ಅವತ್ತೇ ಅಲ್ಲಿಗೂ ಎರಡು ಕೊಡ ನೀರು. ಕೂಲರ್‌ಗೆ ನೀರು ಹಾಕುವಾಗ ಮೊದಲು ಪ್ಲಗ್ ಕೀಳುವುದು ಮಾತ್ರ ತಪ್ಪಿಸಿಲ್ಲ. ಯಾಕಂದರೆ ಒಬ್ಬರೇ ಕರೆಂಟ್ ಬರುವ ಫೇಸ್ ವೈರ್, ವಾಪಸ್ ಹೋಗುವ ನ್ಯೂಟ್ರಲ್ ವೈರ್ ಎರಡನ್ನೂ ಹಿಡಿದರೆ ಈ ಡಬ್ಬಿಗೆ ಗೊತ್ತಾಗುವುದಿಲ್ಲ.

ಒಂದು ಕೊರತೆ ಉಳಿದಿದೆ. ನಮ್ಮ ಇನ್ವರ್ಟರ್ ಲೈನ್ ಬೇರೆ ಇದೆ, ಕರೆಂಟ್ ಹೋದಾಗ ಅದಕ್ಕೆ ಈ ಕಾವಲಿಲ್ಲ. ಹಾಕಿಸುವಾಗಲೇ ಕೇಳಿಕೊಳ್ಳಿ. ನಾನು ಕೇಳಲಿಲ್ಲ, ಈ ದೀಪಾವಳಿಗೆ ಇನ್ನೊಂದು ತರಬೇಕು.